ವರ್ಚುವಲ್ ಮೆಮೊರಿ ಮತ್ತು ಹಾರ್ಡ್ ಡಿಸ್ಕ್ ಜಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯದಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಕೌಂಟರ್ ಮುಂದೆ ನಿಂತು ಜನ ಹೇಳುವ ದೂರುಗಳು ಎಷ್ಟು ವರ್ಷವಾದರೂ ಅವೇ. ಸಿ ಡ್ರೈವ್ ಕೆಂಪಗಾಗಿದೆ. ನಾಲ್ಕು ಟ್ಯಾಬ್ ತೆಗೆದರೆ ಹ್ಯಾಂಗ್ ಆಗುತ್ತದೆ. ನಾನು ಮಾಡದ ಹತ್ತು ಜಿಬಿ ಫೈಲ್ ಒಂದು ಕೂತಿದೆ. ಈ ಮೂರರ ಹಿಂದೆಯೂ ಬಹಳ ಸಲ ವರ್ಚುವಲ್ ಮೆಮೊರಿಯ ಮಾತು ಬರುತ್ತದೆ. ಪ್ರತಿಯೊಬ್ಬರಿಗೂ ನಿಂತು ಹೇಳಲು ಆಗುವುದಿಲ್ಲ, ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ. ಹೆಚ್ಚಿನದು ವಿಂಡೋಸ್ ಬಗ್ಗೆ, ಏಕೆಂದರೆ ನನ್ನ ಅಂಗಡಿಗೆ ಬರುವ ಗಣಕಗಳೂ ಹೆಚ್ಚಾಗಿ ಅವೇ.

ಸಿ ಡ್ರೈವ್‌ನಲ್ಲಿ ‘ಪೇಜ್‌ಫೈಲ್ ಡಾಟ್ ಸಿಸ್’ ಅಂತ ಒಂದು ದೊಡ್ಡ ಫೈಲ್ ಇದೆ. ವೈರಸ್ಸಾ?

ಅಲ್ಲ. ಅದು ವಿಂಡೋಸ್‌ನದೇ ಫೈಲ್. ವರ್ಚುವಲ್ ಮೆಮೊರಿಗಾಗಿ ಡಿಸ್ಕ್ ಮೇಲೆ ಇಟ್ಟುಕೊಂಡ ಜಾಗ. ಮಾಮೂಲಾಗಿ ಕಣ್ಣಿಗೆ ಬೀಳದಂತೆ ಬಚ್ಚಿಟ್ಟಿರುತ್ತದೆ. ನಿಮಗೆ ಕಾಣಿಸುತ್ತಿದೆ ಅಂದರೆ ಯಾರೋ ಫೋಲ್ಡರ್ ಸೆಟ್ಟಿಂಗ್‌ನಲ್ಲಿ ಟಿಕ್ ತೆಗೆದಿದ್ದಾರೆ, ಅಷ್ಟೆ.

ವರ್ಚುವಲ್ ಮೆಮೊರಿ ಅಂದರೆ ಅಸಲಿಗೆ ಏನು?

ಕಂಪ್ಯೂಟರ್‌ನಲ್ಲಿ ಓಡುವ ಯಾವ ಪ್ರೋಗ್ರಾಮಿಗೂ ನಿಜವಾದ ರ‍್ಯಾಮ್ ನೇರವಾಗಿ ಕಾಣುವುದಿಲ್ಲ. (ರ‍್ಯಾಮ್ ಅಂದರೆ ಕೆಲಸ ನಡೆಯುವಾಗ ಬಳಸುವ ವೇಗದ ಮೆಮೊರಿ, ಆಫ್ ಮಾಡಿದರೆ ಅಳಿಸಿಹೋಗುತ್ತದೆ.) ಒಂದೊಂದಕ್ಕೂ ಆಪರೇಟಿಂಗ್ ಸಿಸ್ಟಂ (ಇಲ್ಲಿ ವಿಂಡೋಸ್) ಪ್ರತ್ಯೇಕವಾದ ವಿಳಾಸಗಳ ಪಟ್ಟಿ ಕೊಡುತ್ತದೆ. ‘ಇಷ್ಟೆಲ್ಲ ಜಾಗ ನಿನ್ನದೇ’ ಅಂತ ನಂಬಿಸುತ್ತದೆ. 32 ಬಿಟ್ ಕಾಲದಲ್ಲಿ ಈ ವಿಳಾಸಗಳು ಒಟ್ಟು 4 ಜಿಬಿ, ಅಂದರೆ ಸುಮಾರು 430 ಕೋಟಿ ಬೈಟ್ ತನಕ ಹೋಗುತ್ತಿದ್ದವು. ಅದರಲ್ಲಿ ಅರ್ಧ ವಿಂಡೋಸ್‌ಗೆ, ಅರ್ಧ ಪ್ರೋಗ್ರಾಮಿಗೆ. ಈಗಿನ 64 ಬಿಟ್ ವಿಂಡೋಸ್ ಒಂದು ಪ್ರೋಗ್ರಾಮಿಗೆ 128 ಟಿಬಿ (ಒಂದು ಟಿಬಿ ಅಂದರೆ ಸುಮಾರು ಸಾವಿರ ಜಿಬಿ) ತನಕ ವಿಳಾಸ ಕೊಡುತ್ತದೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಇರುವುದು 8 ಜಿಬಿ ರ‍್ಯಾಮ್. ಹಾಗಾದರೆ ಈ 128 ಟಿಬಿ ಎಲ್ಲಿದೆ? ಎಲ್ಲೂ ಇಲ್ಲ. ಕಾಗದದ ಮೇಲೆ ಮಾತ್ರ ಇದೆ. ಅದಕ್ಕೇ ವರ್ಚುವಲ್ ಅನ್ನುವುದು.

ಈ ವಿಳಾಸಗಳನ್ನು ಪೇಜ್ ಅನ್ನುವ ತುಂಡುಗಳಾಗಿ ಹಂಚಿರುತ್ತಾರೆ. ನಮ್ಮ ಸಾಮಾನ್ಯ ಪಿಸಿಗಳಲ್ಲಿ ಒಂದು ಪೇಜ್ 4 ಕೆಬಿ. 8 ಜಿಬಿ ರ‍್ಯಾಮ್ ಅಂದರೆ ಸುಮಾರು 21 ಲಕ್ಷ ಪೇಜ್. ಯಾವ ಪೇಜ್ ರ‍್ಯಾಮ್‌ನಲ್ಲಿದೆ, ಯಾವುದು ಡಿಸ್ಕ್‌ನಲ್ಲಿದೆ ಅನ್ನುವ ಲೆಕ್ಕಕ್ಕೆ ಒಂದು ಟೇಬಲ್ ಇರುತ್ತದೆ. ಪ್ರೋಗ್ರಾಂ ಕೇಳಿದ ಪೇಜ್ ರ‍್ಯಾಮ್‌ನಲ್ಲಿ ಇಲ್ಲದಿದ್ದರೆ ಪ್ರೊಸೆಸರ್ ಅಲ್ಲೇ ತಡೆದು ಆಪರೇಟಿಂಗ್ ಸಿಸ್ಟಂ ಅನ್ನು ಕರೆಯುತ್ತದೆ. ಇದಕ್ಕೆ ಪೇಜ್ ಫಾಲ್ಟ್ ಅನ್ನುತ್ತಾರೆ. ಹೆಸರು ಕೇಳಿ ಹೆದರಬೇಡಿ, ಇದು ತಪ್ಪಲ್ಲ, ದಿನಕ್ಕೆ ಲಕ್ಷಗಟ್ಟಲೆ ಸಲ ನಡೆಯುವ ವ್ಯವಹಾರ.

ಒಂದು ಗೊಂದಲ ಇಲ್ಲೇ ಬಗೆಹರಿಸಿಬಿಡೋಣ. ವರ್ಚುವಲ್ ಮೆಮೊರಿ ಬೇರೆ, ಪೇಜ್‌ಫೈಲ್ ಬೇರೆ. ಮೊದಲನೆಯದು ಇಡೀ ಏರ್ಪಾಡು. ಎರಡನೆಯದು ಆ ಏರ್ಪಾಡಿಗೆ ಡಿಸ್ಕ್ ಮೇಲೆ ಬಿಟ್ಟುಕೊಟ್ಟ ಜಾಗ. ವಿಂಡೋಸ್‌ನ ಸೆಟ್ಟಿಂಗ್ ಪರದೆಯಲ್ಲೇ ಪೇಜ್‌ಫೈಲ್ ಗಾತ್ರಕ್ಕೆ ‘ವರ್ಚುವಲ್ ಮೆಮೊರಿ’ ಅಂತ ಬರೆದುಬಿಟ್ಟಿದ್ದಾರೆ. ಜನ ಕಲಸುಮೇಲೋಗರ ಮಾಡಿಕೊಂಡರೆ ಅವರ ತಪ್ಪಲ್ಲ ಬಿಡಿ.

ಹಾಗಾದರೆ ಡಿಸ್ಕ್ ಮೇಲೆ ಹೋಗಿ ಕೂರುವುದು ಏನು? ನನ್ನ ಪ್ರೋಗ್ರಾಮುಗಳಾ?

ಪ್ರೋಗ್ರಾಂ ಫೈಲುಗಳಲ್ಲ. ಇದು ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ. ಜೆರಾಕ್ಸ್ ಪ್ರತಿ ಒಂದು ಕೈಯಲ್ಲಿದೆ, ಅಸಲು ಬೀರುವಿನಲ್ಲಿದೆ ಅಂದುಕೊಳ್ಳಿ. ಮೇಜು ತುಂಬಿದರೆ ಜೆರಾಕ್ಸ್ ಹರಿದು ಎಸೆದರಾಯಿತು, ಬೇಕಾದಾಗ ಇನ್ನೊಂದು ತೆಗೆಸಬಹುದು. ಪ್ರೋಗ್ರಾಮಿನ ಕೋಡ್ ಹೀಗೆ. ಅದರ ಅಸಲು ಆಗಲೇ ಡಿಸ್ಕ್‌ನಲ್ಲಿದೆ. ಆದ್ದರಿಂದ ರ‍್ಯಾಮ್ ಸಾಲದಾದಾಗ ವಿಂಡೋಸ್ ಅದನ್ನು ಸುಮ್ನೆ ಬಿಟ್ಟುಬಿಡುತ್ತದೆ.

ನೀವು ಅರ್ಧ ಟೈಪ್ ಮಾಡಿ ಸೇವ್ ಮಾಡದ ಅರ್ಜಿ, ಬ್ರೌಸರಿನ ಹಳೆಯ ಟ್ಯಾಬುಗಳು, ಡಿಸೈನ್ ಮಾಡುತ್ತಿರುವ ಲಗ್ನಪತ್ರಿಕೆ, ಇವಕ್ಕೆ ಅಸಲು ಅಂತ ಬೇರೆ ಎಲ್ಲೂ ಇಲ್ಲ. ಎಸೆದರೆ ಹೋಯಿತು. ಅಂಥವುಗಳಲ್ಲಿ ಬಹಳ ಹೊತ್ತಿನಿಂದ ಮುಟ್ಟದ್ದನ್ನು ಆರಿಸಿ ಪೇಜ್‌ಫೈಲಿಗೆ ಬರೆದಿಡುತ್ತದೆ. ಬೇಕಾದಾಗ ವಾಪಸ್ ತರುತ್ತದೆ.

ರ‍್ಯಾಮ್ ಬದಲು ಡಿಸ್ಕ್ ಬಳಸಿದರೆ ಅಷ್ಟೊಂದು ನಿಧಾನ ಆಗುತ್ತದಾ?

ನಮ್ಮೂರಿನವರಿಗೆ ಆಲೆಮನೆ ಉದಾಹರಣೆ ಕೊಟ್ಟರೆ ಬೇಗ ಅರ್ಥವಾಗುತ್ತದೆ. ಗಾಣ ಅಂದರೆ ಪ್ರೊಸೆಸರ್. ಗಾಣದ ಪಕ್ಕದಲ್ಲಿ ಪೇರಿಸಿಟ್ಟ ಕಬ್ಬು ಅಂದರೆ ರ‍್ಯಾಮ್. ಗದ್ದೆ ಅಂದರೆ ಡಿಸ್ಕ್. ಪಕ್ಕದ ರಾಶಿಯಿಂದ ಕಬ್ಬು ಎತ್ತಿ ಗಾಣಕ್ಕೆ ಕೊಡಲು ಒಂದು ಸೆಕೆಂಡ್ ಅಂತಿಟ್ಟುಕೊಳ್ಳೋಣ.

ಈಗ ನಿಜವಾದ ಲೆಕ್ಕ. ರ‍್ಯಾಮ್‌ನಿಂದ ಒಂದು ಸಲ ಓದಲು ಸುಮಾರು 100 ನ್ಯಾನೊಸೆಕೆಂಡ್ ಬೇಕು. ಎಸ್‌ಎಸ್‌ಡಿಯಿಂದ ಸುಮಾರು 100 ಮೈಕ್ರೊಸೆಕೆಂಡ್ (ಎಸ್‌ಎಸ್‌ಡಿ ಅಂದರೆ ತಿರುಗುವ ಭಾಗವಿಲ್ಲದ, ಚಿಪ್‌ಗಳಿಂದಾದ ಡಿಸ್ಕ್). ತಿರುಗುವ ಹಾರ್ಡ್ ಡಿಸ್ಕ್‌ಗೆ 10 ಮಿಲಿಸೆಕೆಂಡ್ ಅಥವಾ ಇನ್ನೂ ಜಾಸ್ತಿ. (ಸಾವಿರ ನ್ಯಾನೊ ಸೇರಿದರೆ ಒಂದು ಮೈಕ್ರೊ, ಸಾವಿರ ಮೈಕ್ರೊ ಸೇರಿದರೆ ಒಂದು ಮಿಲಿ.) ಹಾರ್ಡ್ ಡಿಸ್ಕ್‌ಗೆ ಬೇರೆ ದಾರಿಯೂ ಇಲ್ಲ. ಹಳೆಯ ಲ್ಯಾಪ್‌ಟಾಪಿನ ಡಿಸ್ಕ್ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ 11 ಮಿಲಿಸೆಕೆಂಡ್. ಬೇಕಾದ ಜಾಗ ಓದುವ ಮುಳ್ಳಿನ (ಹೆಡ್) ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದಕ್ಕೂ ಮೊದಲು ಹೆಡ್ ಅಲ್ಲಿಗೆ ಸರಿಯಬೇಕು.

ಇದನ್ನು ಆಲೆಮನೆಗೆ ಹಾಕಿ ನೋಡಿ. ಪಕ್ಕದ ರಾಶಿಯಿಂದ ಒಂದು ಸೆಕೆಂಡ್ ಆದರೆ ಎಸ್‌ಎಸ್‌ಡಿಯಿಂದ ಸುಮಾರು 17 ನಿಮಿಷ. ಪಕ್ಕದ ಗದ್ದೆಗೆ ಗಾಡಿ ಹೋಗಿ ಬಂದ ಹಾಗೆ, ಪರವಾಗಿಲ್ಲ. ಹಾರ್ಡ್ ಡಿಸ್ಕ್‌ನಿಂದ 27 ಗಂಟೆಗೂ ಹೆಚ್ಚು. ಇವತ್ತು ಬೆಳಿಗ್ಗೆ ಕೇಳಿದ ಕಬ್ಬು ನಾಳೆ ಮಧ್ಯಾಹ್ನಕ್ಕೆ ಬಂತು!

ಹ್ಯಾಂಗ್ ಆದಾಗ ಡಿಸ್ಕ್ ಲೈಟ್ ಬಿಡದೆ ಮಿನುಗುತ್ತದೆ. ಆಗ ಒಳಗೆ ಏನು ನಡೆಯುತ್ತಿರುತ್ತದೆ?

ಇದಕ್ಕೆ ಥ್ರ್ಯಾಶಿಂಗ್ ಅಂತ ಹೆಸರು. ಮೂರು ಪ್ರೋಗ್ರಾಂ ತೆರೆದಿದ್ದೀರಿ, ಮೂರೂ ಈಗಲೇ ಕೆಲಸ ಮಾಡಬೇಕು, ಆದರೆ ರ‍್ಯಾಮ್‌ನಲ್ಲಿ ಇಬ್ಬರಿಗೆ ಮಾತ್ರ ಜಾಗ. ಒಬ್ಬನನ್ನು ಒಳಗೆ ತರಲು ಇನ್ನೊಬ್ಬನನ್ನು ಹೊರಗೆ ಕಳಿಸಬೇಕು. ಹೊರಗೆ ಹೋದವನು ಮರುಕ್ಷಣವೇ ‘ನನ್ನ ಪೇಜ್ ಕೊಡು’ ಅನ್ನುತ್ತಾನೆ. ಗಾಡಿ ಗದ್ದೆಗೂ ಗಾಣಕ್ಕೂ ಓಡಾಡುತ್ತಲೇ ಇದೆ, ಒಲೆ ಉರಿಯುತ್ತಲೇ ಇದೆ, ಕೊಪ್ಪರಿಗೆಗೆ ಮಾತ್ರ ಕಬ್ಬಿನ ಹಾಲು ಬೀಳುತ್ತಿಲ್ಲ. (ಗಾಣದ ಹತ್ತಿರ ಬಂದ ಕಬ್ಬನ್ನು ಯಾರೂ ಗದ್ದೆಗೆ ವಾಪಸ್ ಕಳಿಸುವುದಿಲ್ಲ ಅಂತ ಒಬ್ಬ ರೈತರು ನನ್ನನ್ನು ತಿದ್ದಿದರು. ಸರಿಯೇ, ನನ್ನ ಹೋಲಿಕೆ ಇಲ್ಲಿಗೆ ಮುರಿಯುತ್ತದೆ.)

1968ರಲ್ಲೇ ಪೀಟರ್ ಡೆನ್ನಿಂಗ್ ಅನ್ನುವ ಕಂಪ್ಯೂಟರ್ ವಿಜ್ಞಾನಿ ಇದರ ಬಗ್ಗೆ ಬರೆದಿದ್ದರು. ಒಂದು ಪ್ರೋಗ್ರಾಮಿಗೆ ಒಂದು ಹೊತ್ತಿನಲ್ಲಿ ನಿಜವಾಗಿ ಬೇಕಾಗುವ ಪೇಜುಗಳ ಗುಂಪಿಗೆ ಅವರು ‘ವರ್ಕಿಂಗ್ ಸೆಟ್’ ಅಂತ ಹೆಸರಿಟ್ಟರು. ಎಲ್ಲ ಪ್ರೋಗ್ರಾಮುಗಳ ವರ್ಕಿಂಗ್ ಸೆಟ್ ರ‍್ಯಾಮ್‌ನಲ್ಲಿ ಹಿಡಿಸಿದರೆ ಎಲ್ಲ ಸಲೀಸು. ಹಿಡಿಸದಿದ್ದರೆ ಕುಸಿತ ಒಮ್ಮೆಲೇ ಆಗುತ್ತದೆ, ಮೆಲ್ಲಗೆ ಅಲ್ಲ. ‘ನಿನ್ನೆ ತನಕ ಚೆನ್ನಾಗೇ ಇತ್ತು ಸಾರ್’ ಅಂತ ಗಿರಾಕಿಗಳು ಹೇಳುವುದು ಸುಳ್ಳಲ್ಲ. ನಿನ್ನೆಗಿಂತ ಇವತ್ತು ಇನ್ನೊಂದು ಟ್ಯಾಬ್ ಜಾಸ್ತಿ ಇತ್ತು ಅಷ್ಟೆ.

ಹ್ಯಾಂಗ್ ಆದಾಗ ಪವರ್ ಬಟನ್ ಒತ್ತಿ ಹಿಡಿಯುವ ಮೊದಲು ಎರಡು ನಿಮಿಷ ಕಾಯಿರಿ. ಮೇಲಿಂದ ಮೇಲೆ ಕ್ಲಿಕ್ ಮಾಡಬೇಡಿ. ಒಂದೊಂದು ಕ್ಲಿಕ್ಕೂ ಇನ್ನೊಂದು ಗಾಡಿ ಕಳಿಸಿದ ಹಾಗೆ.

ರ‍್ಯಾಮ್ ಅರ್ಧ ಖಾಲಿ ಇದೆ. ಆದರೂ ಪೇಜ್‌ಫೈಲ್ ಯಾಕೆ ಅಷ್ಟು ದೊಡ್ಡದಿದೆ?

ಫೈಲಿನ ಗಾತ್ರ ಬೇರೆ, ಅದರಲ್ಲಿ ಬಳಕೆಯಾಗುತ್ತಿರುವುದು ಬೇರೆ. 6 ಜಿಬಿ ಪೇಜ್‌ಫೈಲ್‌ನಲ್ಲಿ ಮುನ್ನೂರು ಎಂಬಿ ಮಾತ್ರ ಬಳಕೆಯಲ್ಲಿರಬಹುದು. ಹಾಗಾದರೆ ಉಳಿದ ಜಾಗ ದಂಡವಾ? ಅಲ್ಲ.

ಮದುವೆಗೆ 500 ಜನ ಅಂತ ಹೇಳಿ ಚೌಟ್ರಿ ಹಿಡಿಯುತ್ತೀರಿ. ಬರುವವರು 300 ಇರಬಹುದು. ಆದರೂ 500 ಎಲೆಗೆ ಜಾಗ ಇರಲೇಬೇಕು, ಎಲ್ಲರೂ ಬಂದರೆ ಮರ್ಯಾದೆ ಪ್ರಶ್ನೆ ಅಲ್ವಾ? ವಿಂಡೋಸ್ ಕೂಡ ಹೀಗೆಯೇ. ಪ್ರೋಗ್ರಾಂ ಒಂದು ಜಿಬಿ ಬೇಕು ಅಂದರೆ, ಅದು ಈಗ ನೂರು ಎಂಬಿ ಬಳಸಿದರೂ, ಇಡೀ ಒಂದು ಜಿಬಿಗೆ ವಿಂಡೋಸ್ ಮಾತು ಕೊಡುತ್ತದೆ. ಆ ಮಾತಿಗೆ ಬೆಂಬಲವಾಗಿ ರ‍್ಯಾಮ್‌ನಲ್ಲೋ ಪೇಜ್‌ಫೈಲಿನಲ್ಲೋ ಜಾಗ ತೋರಿಸಲೇಬೇಕು. ಟಾಸ್ಕ್ ಮ್ಯಾನೇಜರ್ ತೆಗೆದು ಮೆಮೊರಿ ಪುಟದಲ್ಲಿ ‘ಕಮಿಟೆಡ್’ ಅನ್ನುವುದನ್ನು ನೋಡಿ. ಅಲ್ಲಿ ಎರಡು ಅಂಕಿ ಇರುತ್ತವೆ. ಮೊದಲನೆಯದು ಇಲ್ಲಿಯವರೆಗೆ ಕೊಟ್ಟ ಮಾತು. ಎರಡನೆಯದು ಕೊಡಬಹುದಾದ ಗರಿಷ್ಠ, ಅಂದರೆ ರ‍್ಯಾಮ್ ಮತ್ತು ಪೇಜ್‌ಫೈಲ್ ಸೇರಿ. ಮೊದಲನೆಯದು ಎರಡನೆಯದನ್ನು ಮುಟ್ಟಿ, ಪೇಜ್‌ಫೈಲಿಗೆ ಇನ್ನು ಬೆಳೆಯಲು ಜಾಗವಿಲ್ಲ ಅಂದಾಗ ‘ಮೆಮೊರಿ ಸಾಲದು’ ಅಂತ ಎಚ್ಚರಿಕೆ ಬರುತ್ತದೆ. ರ‍್ಯಾಮ್ ಖಾಲಿ ಕಾಣುತ್ತಿದ್ದರೂ ಬರಬಹುದು. ಈ ಕೊನೆಯ ಮಾತು ರಿಪೇರಿ ಮಾಡುವವರಿಗೂ ಎಷ್ಟೋ ಸಲ ಹೊಳೆಯುವುದಿಲ್ಲ.

‘ಅಣ್ಣೋ, ಹತ್ ಜಿಬಿ ನುಂಗ್ಕಂಡು ಕುಂತದಲ್ಲ, ತಗ್ದಾಕ್ಬುಡ್ಲಾ?’

ಬೇಡ ಕಣಣ್ಣ. ವಿಂಡೋಸ್ ನಡೆಯುತ್ತಿರುವಾಗ ಅದು ಡಿಲೀಟ್ ಆಗುವುದೂ ಇಲ್ಲ. ಸೆಟ್ಟಿಂಗ್‌ಗೆ ಹೋಗಿ ‘ನೋ ಪೇಜಿಂಗ್ ಫೈಲ್’ ಆರಿಸಿದರೆ ಮಾತ್ರ ಹೋಗುತ್ತದೆ.

ಈ ತಪ್ಪನ್ನು ನಾನೇ ಮಾಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಅಂಗಡಿ ಶುರುಮಾಡಿದ ಹೊಸತು. ಒಂದು ಡಿಟಿಪಿ ಅಂಗಡಿಯವರ ಸಿ ಡ್ರೈವ್ ತುಂಬಿತ್ತು. ಗಣಕದಲ್ಲಿ 2 ಜಿಬಿ ರ‍್ಯಾಮ್. ನಾನು ದೊಡ್ಡ ಜಾಣನ ಹಾಗೆ ಪೇಜ್‌ಫೈಲ್ ತೆಗೆದು, ‘ನೋಡಿ, 3 ಜಿಬಿ ಉಳಿಸಿಕೊಟ್ಟೆ’ ಅಂತ ಹೇಳಿ ದುಡ್ಡು ಇಸಿದುಕೊಂಡು ಬಂದೆ. ಅವತ್ತು ಸಂಜೆ ಅವರು ಊರಹಬ್ಬದ ಫ್ಲೆಕ್ಸ್ ಒಂದನ್ನು ಮಾಡುತ್ತಿದ್ದರು. ಅರ್ಧ ಊರಿನವರ ಫೋಟೋ ಅದರಲ್ಲಿ ಬರಬೇಕು. ಇಪ್ಪತ್ತೋ ಮೂವತ್ತೋ ಮುಖ ಕೂರಿಸುವಷ್ಟರಲ್ಲಿ ಪ್ರೋಗ್ರಾಂ ತಾನೇ ಮುಚ್ಚಿಕೊಂಡಿತು. ಸೇವ್ ಮಾಡಿರಲಿಲ್ಲ. ಆ ರಾತ್ರಿ ಅವರ ಪಕ್ಕ ಕೂತು ಮುಖಗಳನ್ನು ಮತ್ತೆ ಕತ್ತರಿಸಿ ಅಂಟಿಸಿದ್ದು ನಾನೇ. ಇಸಿದುಕೊಂಡ ದುಡ್ಡೂ ವಾಪಸ್ ಕೊಟ್ಟೆ.

ಪೇಜ್‌ಫೈಲ್‌ಗೆ ಇನ್ನೊಂದು ಉಪಯೋಗವೂ ಇದೆ. ನೀಲಿ ಪರದೆ ಬಂದು ವಿಂಡೋಸ್ ಬಿದ್ದಾಗ, ಯಾಕೆ ಬಿತ್ತು ಅನ್ನುವ ವಿವರವನ್ನು ಮೊದಲು ಪೇಜ್‌ಫೈಲಿನಲ್ಲೇ ಬರೆದಿಡುತ್ತದೆ. ಮತ್ತೆ ಆನ್ ಆದ ಮೇಲೆ ಅದನ್ನು ಬೇರೆ ಫೈಲಿಗೆ ಎತ್ತಿಕೊಳ್ಳುತ್ತದೆ.

ಎಷ್ಟು ಗಾತ್ರ ಇಡಬೇಕು? ರ‍್ಯಾಮ್‌ನ ಒಂದೂವರೆ ಪಟ್ಟು ಅಂತಾರಲ್ಲ?

256 ಎಂಬಿ, 512 ಎಂಬಿ ರ‍್ಯಾಮ್ ಇದ್ದ ಕಾಲದ ಲೆಕ್ಕ ಅದು. ಈಗ 32 ಜಿಬಿ ರ‍್ಯಾಮ್ ಇರುವವರು 48 ಜಿಬಿ ಪೇಜ್‌ಫೈಲ್ ಇಟ್ಟುಕೊಂಡರೆ ಡಿಸ್ಕ್ ಗತಿ ಏನು? ನನ್ನ ಸಲಹೆ, ‘ಆಟೊಮ್ಯಾಟಿಕಲಿ ಮ್ಯಾನೇಜ್’ ಅನ್ನುವ ಟಿಕ್ ಹಾಗೇ ಇರಲಿ. ವಿಂಡೋಸ್ ತಾನೇ ಬೇಕಾದಾಗ ದೊಡ್ಡದು ಮಾಡುತ್ತದೆ. ಅದಕ್ಕೂ ಮಿತಿ ಇದೆ. ರ‍್ಯಾಮ್‌ನ ಮೂರು ಪಟ್ಟು ಅಥವಾ 4 ಜಿಬಿ, ಇವೆರಡರಲ್ಲಿ ಯಾವುದು ಹೆಚ್ಚೋ ಅದು. ಆದರೆ ಆ ಡ್ರೈವ್‌ನ ಎಂಟನೇ ಒಂದು ಭಾಗ ಮೀರುವುದಿಲ್ಲ. 8 ಜಿಬಿ ರ‍್ಯಾಮ್, 120 ಜಿಬಿ ಎಸ್‌ಎಸ್‌ಡಿ ಇರುವ ಗಣಕದಲ್ಲಿ ಮೂರು ಪಟ್ಟು ಅಂದರೆ 24 ಜಿಬಿ, ಆದರೆ ಎಂಟನೇ ಒಂದು ಭಾಗದ ಮಿತಿ ಅದನ್ನು 14 ಜಿಬಿ ಹತ್ತಿರ ತಡೆಯುತ್ತದೆ. ಅಷ್ಟು ದೂರ ಹೋಗುವುದೂ ಅಪರೂಪ.

ನೋಡಲೇಬೇಕು ಅನ್ನುವವರಿಗೆ ದಾರಿ, ಫೋನಿನಲ್ಲಿ ಹೇಳುವ ಹಾಗೇ ಬರೆಯುತ್ತೇನೆ. ವಿಂಡೋಸ್ ಗುಂಡಿ ಒತ್ತಿ ಹಿಡಿದು ‘ಆರ್’ ಒತ್ತಿ. ಪೆಟ್ಟಿಗೆಯಲ್ಲಿ ಎಸ್ ವೈ ಎಸ್ ಡಿ ಎಂ ಡಾಟ್ ಸಿ ಪಿ ಎಲ್ ಅಂತ ಟೈಪ್ ಮಾಡಿ ಎಂಟರ್ ಕೊಡಿ. ಮೇಲೆ ‘ಅಡ್ವಾನ್ಸ್ಡ್’, ಅದರಲ್ಲಿ ಪರ್ಫಾರ್ಮೆನ್ಸ್ ಪಕ್ಕದ ‘ಸೆಟ್ಟಿಂಗ್ಸ್’, ಮತ್ತೆ ‘ಅಡ್ವಾನ್ಸ್ಡ್’, ಕೆಳಗೆ ‘ಚೇಂಜ್’. ನೋಡಿ, ಕ್ಯಾನ್ಸಲ್ ಒತ್ತಿ ಹೊರಗೆ ಬನ್ನಿ.

ಪೇಜ್‌ಫೈಲನ್ನು ಡಿ ಡ್ರೈವಿಗೆ ಹಾಕಿದರೆ ವೇಗ ಹೆಚ್ಚುತ್ತದಾ?

ಸಿ, ಡಿ ಎರಡೂ ಒಂದೇ ಡಿಸ್ಕ್‌ನ ಎರಡು ಪಾಲಾಗಿದ್ದರೆ ಲಾಭವಿಲ್ಲ. ಅಣ್ಣತಮ್ಮಂದಿರು ಮಧ್ಯೆ ಗೋಡೆ ಎತ್ತಿದರೂ ಬಾವಿ ಒಂದೇ. ಹಾರ್ಡ್ ಡಿಸ್ಕ್ ಆದರೆ ಹೆಡ್ ಇನ್ನೂ ದೂರ ಓಡಾಡಬೇಕಾಗಿ ನಿಧಾನವೇ ಆಗಬಹುದು. ಡಿ ಅನ್ನುವುದು ಬೇರೆಯದೇ ಎಸ್‌ಎಸ್‌ಡಿ ಆಗಿದ್ದು, ಸಿ ಹಳೆಯ ಹಾರ್ಡ್ ಡಿಸ್ಕ್ ಆಗಿದ್ದರೆ ಹಾಕಬಹುದು. ಆದರೆ ಅಂಥ ಗಣಕದಲ್ಲಿ ಮೊದಲು ಮಾಡಬೇಕಾದ ಕೆಲಸ ವಿಂಡೋಸನ್ನೇ ಎಸ್‌ಎಸ್‌ಡಿಗೆ ಸಾಗಿಸುವುದು.

ಪೇಜ್‌ಫೈಲ್‌ನಿಂದ ಎಸ್‌ಎಸ್‌ಡಿ ಸವೆದು ಹೋಗುವುದಿಲ್ಲವಾ?

ಸವೆಯುತ್ತದೆ, ಆದರೆ ನೀವು ಹೆದರುವಷ್ಟಲ್ಲ. 250 ಜಿಬಿಯ ಒಳ್ಳೆಯ ಎಸ್‌ಎಸ್‌ಡಿಗೆ ಕಂಪನಿಯವರು 150 ಟಿಬಿ ಬರೆಯುವ ತನಕ ವಾರಂಟಿ ಕೊಡುವುದುಂಟು. ದಿನಕ್ಕೆ 20 ಜಿಬಿ ಬರೆದರೂ ಅದು ಮುಗಿಯಲು 20 ವರ್ಷ ಬೇಕು. ಅಷ್ಟರಲ್ಲಿ ಲ್ಯಾಪ್‌ಟಾಪಿನ ಹಿಂಜ್ ಮುರಿದಿರುತ್ತದೆ.

ಹೈಬರ್‌ಫಿಲ್, ಸ್ವಾಪ್‌ಫೈಲ್ ಅಂತ ಇನ್ನೆರಡು ಫೈಲ್ ಇವೆಯಲ್ಲ?

ಸ್ವಾಪ್‌ಫೈಲ್ ಚಿಕ್ಕದು, ಸ್ಟೋರ್‌ನಿಂದ ಬರುವ ಆ್ಯಪ್‌ಗಳಿಗಾಗಿ ಇರುವುದು. ಬಿಟ್ಟುಬಿಡಿ.

ಹೈಬರ್‌ಫಿಲ್ ಮಾತ್ರ ಜಾಗ ಉಳಿಸಲು ಒಳ್ಳೆಯ ಜಾಗ. ಹೈಬರ್ನೇಟ್ ಮಾಡಿದಾಗ, ಅಂದರೆ ತೆರೆದ ಕೆಲಸ ಇದ್ದ ಹಾಗೇ ಉಳಿಸಿ ಗಣಕ ಆಫ್ ಮಾಡಿದಾಗ, ರ‍್ಯಾಮ್‌ನಲ್ಲಿದ್ದದ್ದನ್ನು ಬರೆದಿಡುವ ಫೈಲ್ ಅದು. ಇದಕ್ಕೂ ಪೇಜ್‌ಫೈಲಿಗೂ ಸಂಬಂಧವಿಲ್ಲ. ವಿಂಡೋಸ್ 10ರಲ್ಲಿ ಮಾಮೂಲಾಗಿ ರ‍್ಯಾಮ್‌ನ ಶೇ. 40ರಷ್ಟು ಇರುತ್ತದೆ. 16 ಜಿಬಿ ರ‍್ಯಾಮ್ ಇದ್ದರೆ ಆರು ಜಿಬಿಗೂ ಹೆಚ್ಚು. ಡೆಸ್ಕ್‌ಟಾಪ್ ಇಟ್ಟುಕೊಂಡು ಹೈಬರ್ನೇಟ್ ಬಳಸದವರು ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆಗೆದು ಪವರ್ ಸಿ ಎಫ್ ಜಿ, ಒಂದು ಸ್ಪೇಸ್, ಸ್ಲ್ಯಾಷ್ ಎಚ್, ಇನ್ನೊಂದು ಸ್ಪೇಸ್, ಆಫ್ ಅಂತ ಕೊಟ್ಟರೆ ಫೈಲ್ ಮಾಯ. ‘ಫಾಸ್ಟ್ ಸ್ಟಾರ್ಟಪ್’ ಕೂಡ ಅದರ ಜತೆ ಹೋಗುತ್ತದೆ, ಆನ್ ಆಗಲು ಸ್ವಲ್ಪ ಹೊತ್ತು ಹಿಡಿಯಬಹುದು. ಲ್ಯಾಪ್‌ಟಾಪಿನವರು ಯೋಚಿಸಿ ಮಾಡಿ. ಬ್ಯಾಟರಿ ಪೂರ್ತಿ ಇಳಿದಾಗ ನಿಮ್ಮ ಕೆಲಸ ಉಳಿಸುವುದು ಅದೇ ಫೈಲ್.

ಫೋಟೋಶಾಪ್ ‘ಸ್ಕ್ರ್ಯಾಚ್ ಡಿಸ್ಕ್ ಫುಲ್’ ಅನ್ನುತ್ತದೆ. ಪೇಜ್‌ಫೈಲ್ ಜಾಸ್ತಿ ಮಾಡಲಾ?

ಮಾಡಿದರೆ ಉಪಯೋಗವಿಲ್ಲ. ಅದು ವಿಂಡೋಸ್‌ನ ಪೇಜ್‌ಫೈಲ್ ನೆಚ್ಚಿಕೊಳ್ಳದೆ ತನ್ನದೇ ಬೇರೆ ತಾತ್ಕಾಲಿಕ ಫೈಲ್ ಇಟ್ಟುಕೊಳ್ಳುತ್ತದೆ. ಡಿಸ್ಕ್‌ನಲ್ಲಿ ಖಾಲಿ ಜಾಗ ಮಾಡಿ, ಇಲ್ಲವೇ ಪ್ರಿಫರೆನ್ಸಸ್‌ನಲ್ಲಿ ಸ್ಕ್ರ್ಯಾಚ್ ಡಿಸ್ಕನ್ನು ಬೇರೆ ಡ್ರೈವಿಗೆ ಬದಲಿಸಿ. ಆಲ್ಬಂ ಮಾಡುವ ಸ್ಟುಡಿಯೊದವರಿಗೆ ಈ ಕಷ್ಟ ಜಾಸ್ತಿ.

ಪೆನ್‌ಡ್ರೈವ್ ಹಾಕಿ ರ‍್ಯಾಮ್ ಹೆಚ್ಚಿಸಬಹುದು ಅಂತ ವಿಡಿಯೊ ನೋಡಿದೆ.

ಹೆಚ್ಚುವುದಿಲ್ಲ. ವಿಂಡೋಸ್ ವಿಸ್ಟಾ ಕಾಲದಲ್ಲಿ ಬಂದ ರೆಡಿಬೂಸ್ಟ್ ಅನ್ನುವುದು ಹಾರ್ಡ್ ಡಿಸ್ಕ್‌ನಿಂದ ಓದಿದ್ದನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳುವ ಉಪಾಯ. ಎಸ್‌ಎಸ್‌ಡಿ ಇದ್ದರೆ ಅದರ ಅಗತ್ಯವೇ ಇಲ್ಲ.

ಮೊಬೈಲ್ ಪೆಟ್ಟಿಗೆ ಮೇಲೆ ‘8+8 ಜಿಬಿ ರ‍್ಯಾಮ್’ ಅಂತ ಇರುತ್ತದೆ. ಅದೂ ಇದೇನಾ?

ಇದೇ. ಎರಡನೆಯ 8 ಅನ್ನುವುದು ಫೋನಿನ ಸ್ಟೋರೇಜ್‌ನಿಂದ ತೆಗೆದಿಟ್ಟ ಜಾಗ. 16 ಅಂತ ಕೂಡಿಸಿ ಮೈಸೂರಿನ ಅಂಗಡಿಯವರ ಹತ್ತಿರ ಚೌಕಾಸಿ ಮಾಡಬೇಡಿ, ಮೊದಲನೆಯ ಅಂಕಿಗೆ ಮಾತ್ರ ದುಡ್ಡು ಕೊಡಿ.

ಲಿನಕ್ಸ್, ಮ್ಯಾಕ್‌ನಲ್ಲೂ ಹೀಗೇನಾ?

ಮೂಲ ಒಂದೇ. ಲಿನಕ್ಸ್‌ನಲ್ಲಿ ಇದನ್ನು ಸ್ವಾಪ್ ಅನ್ನುತ್ತಾರೆ. ಹಿಂದೆ ಡಿಸ್ಕ್‌ನಲ್ಲಿ ಒಂದು ಪಾಲನ್ನೇ ಅದಕ್ಕೆ ಬಿಡುತ್ತಿದ್ದರು. ಲಿನಕ್ಸ್‌ನ ಒಂದು ಬಗೆಯಾದ ಉಬುಂಟು 17.04ರಿಂದ ಈಚೆಗೆ ಮಾಮೂಲಾಗಿ ಸ್ವಾಪ್ ಫೈಲ್ ಬಳಸುತ್ತದೆ. ಮ್ಯಾಕ್ ಬೇಕಾದ ಹಾಗೆ ಸ್ವಾಪ್ ಫೈಲುಗಳನ್ನು ಹುಟ್ಟಿಸಿ ಅಳಿಸುತ್ತದೆ, ನಿಮ್ಮನ್ನು ಏನೂ ಕೇಳುವುದಿಲ್ಲ. 2013ರಿಂದ ಅದು ಡಿಸ್ಕಿಗೆ ಕಳಿಸುವ ಮೊದಲು ಪೇಜುಗಳನ್ನು ರ‍್ಯಾಮ್‌ನಲ್ಲೇ ಒತ್ತಿ ಚಿಕ್ಕದು ಮಾಡಿ ಇಡುತ್ತಿದೆ. ವಿಂಡೋಸ್ 10 ಬಂದ ಮೇಲೆ ಇದೇ ಉಪಾಯ ಅಲ್ಲಿಗೂ ಬಂತು.

ವರ್ಚುವಲ್ ಮೆಮೊರಿಯನ್ನು ವಿಂಡೋಸ್‌ನವರು ಕಂಡುಹಿಡಿದದ್ದಾ?

ಅವರಿಗಿಂತ ಬಹಳ ಮುಂಚೆ. 1962ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಅಟ್ಲಾಸ್ ಅನ್ನುವ ಗಣಕ ಶುರುವಾಯಿತು. ಟಾಮ್ ಕಿಲ್‌ಬರ್ನ್ ಅವರ ತಂಡ ಕಟ್ಟಿದ್ದು. ಅದರ ವೇಗದ ಕೋರ್ ಮೆಮೊರಿ (ಆಗಿನ ರ‍್ಯಾಮ್) ಬಲು ದುಬಾರಿ, ಹಾಗಾಗಿ 16 ಸಾವಿರ ಪದಗಳಷ್ಟೇ ಇತ್ತು (ಪದ ಅಂದರೆ ಗಣಕ ಒಂದು ಸಲಕ್ಕೆ ಹಿಡಿಯುವ ಬಿಟ್‌ಗಳ ಗುಂಪು). ಓದಲು ನಿಧಾನವಾದ, ಡಿಸ್ಕ್‌ನಂತೆ ತಿರುಗುವ ಡ್ರಮ್‌ನಲ್ಲಿ 96 ಸಾವಿರ. ಎರಡನ್ನೂ ಸೇರಿಸಿ ಪ್ರೋಗ್ರಾಂ ಬರೆಯುವವರಿಗೆ ಒಂದೇ ಮೆಮೊರಿಯಂತೆ ತೋರಿಸಿದರು. ನಮ್ಮ ಮೇಜಿನ ಮೇಲಿನ ಪಿಸಿಗೆ ಅದು ಬರಲು 1985ರ ಇಂಟೆಲ್ 386 ಪ್ರೊಸೆಸರ್ ಬೇಕಾಯಿತು. 1990ರ ವಿಂಡೋಸ್ 3.0 ಆ ಪ್ರೊಸೆಸರ್ ಮೇಲೆ ಡಿಸ್ಕನ್ನು ಮೆಮೊರಿಯಾಗಿ ಬಳಸತೊಡಗಿತು.

ನನ್ನ ಗಣಕಕ್ಕೆ ರ‍್ಯಾಮ್ ಹಾಕಿಸಲಾ, ಎಸ್‌ಎಸ್‌ಡಿ ಹಾಕಿಸಲಾ?

4 ಜಿಬಿ ರ‍್ಯಾಮ್ ಮತ್ತು ಹಾರ್ಡ್ ಡಿಸ್ಕ್ ಇದ್ದು ಒಂದಕ್ಕೆ ಮಾತ್ರ ದುಡ್ಡಿದ್ದರೆ ಮೊದಲು ಎಸ್‌ಎಸ್‌ಡಿ. ಆನ್ ಆಗುವುದರಿಂದ ಹಿಡಿದು ಎಲ್ಲವೂ ಹಗುರಾಗುತ್ತದೆ, ಪೇಜ್‌ಫೈಲಿನ ಓಡಾಟವೂ. ಆಮೇಲೆ ರ‍್ಯಾಮನ್ನು 8 ಜಿಬಿ ಮಾಡಿಸಿ. ಎಸ್‌ಎಸ್‌ಡಿ ಆಗಲೇ ಇದ್ದರೆ ರ‍್ಯಾಮೇ. ಕೊಳ್ಳುವ ಮೊದಲು ಯಾವ ಬಗೆಯ ರ‍್ಯಾಮ್, ಡಿಡಿಆರ್3 ಬೇಕೋ ಡಿಡಿಆರ್4 ಬೇಕೋ, ನೋಡಿಸಿಕೊಳ್ಳಿ, ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ, ಹೆಚ್ಚಿಸಲು ಆಗುವುದಿಲ್ಲ.

ಹಳೆಯ ಗಣಕ ಮಾರುತ್ತಿದ್ದೇನೆ. ಪೇಜ್‌ಫೈಲಿನಲ್ಲಿ ನನ್ನ ಪಾಸ್‌ವರ್ಡ್ ಉಳಿದಿರಬಹುದಾ?

ಉಳಿದಿರಬಹುದು. ರ‍್ಯಾಮ್‌ನಲ್ಲಿ ಇದ್ದದ್ದು ಏನು ಬೇಕಾದರೂ ಅಲ್ಲಿಗೆ ಹೋಗಿರಬಹುದು. ಫೈಲುಗಳನ್ನು ಡಿಲೀಟ್ ಮಾಡಿ ಕೊಡುವುದು ಸಾಲದು. ವಿಂಡೋಸ್ ರೀಸೆಟ್ ಮಾಡುವಾಗ ಡ್ರೈವ್ ಪೂರ್ತಿ ಕ್ಲೀನ್ ಮಾಡುವ ಆಯ್ಕೆ ಆರಿಸಿ, ಇಲ್ಲವೇ ಡಿಸ್ಕ್ ಬಿಚ್ಚಿಟ್ಟುಕೊಂಡು ಉಳಿದದ್ದನ್ನು ಮಾರಿ.

ಕೊನೆಗೆ ಸಿ ಡ್ರೈವ್‌ನಲ್ಲಿ ಎಷ್ಟು ಖಾಲಿ ಬಿಡಲಿ?

ನಾನು 20 ಜಿಬಿ ಅನ್ನುತ್ತೇನೆ. ಪೇಜ್‌ಫೈಲ್ ಬೆಳೆಯಬೇಕು, ವಿಂಡೋಸ್ ಅಪ್‌ಡೇಟ್‌ಗಳಿಗೂ ಜಾಗ ಬೇಕು. ಅದಕ್ಕಿಂತ ಕಡಿಮೆ ಆಗಿದ್ದರೆ ಪೇಜ್‌ಫೈಲ್ ಮೇಲೆ ಕಣ್ಣು ಹಾಕುವ ಮೊದಲು ಡೌನ್‌ಲೋಡ್ಸ್ ಮತ್ತು ಡೆಸ್ಕ್‌ಟಾಪ್ ನೋಡಿ. ಮೊನ್ನೆ ಒಬ್ಬರು ಮೇಷ್ಟ್ರು ‘ಈ ಪೇಜ್‌ಫೈಲ್ ಕಾಟ ತಪ್ಪಿಸಿ’ ಅಂತ ಲ್ಯಾಪ್‌ಟಾಪ್ ತಂದಿಟ್ಟರು. ಮಗಳ ಮದುವೆ ವಿಡಿಯೊ 14 ಜಿಬಿ, ಡೆಸ್ಕ್‌ಟಾಪ್‌ನಲ್ಲಿ ಒಂದು, ಡೌನ್‌ಲೋಡ್ಸ್‌ನಲ್ಲಿ ಒಂದು, ‘ನ್ಯೂ ಫೋಲ್ಡರ್’ ಅನ್ನುವುದರಲ್ಲಿ ಇನ್ನೊಂದು. ಪೇಜ್‌ಫೈಲ್ 5 ಜಿಬಿ ಇತ್ತು.